ಬಹುಲೋಕದ ಕಲ್ಪನೆಗಳು: ಹೋಲುವ ವಿಚಾರಗಳನ್ನು ಹೋಲಿಸುವ ಬಗೆ

2024ರ ಡಿಸೆಂಬರ್‌ನಲ್ಲಿ ಗೂಗಲ್ ಸಂಸ್ಥೆ 'ವಿಲ್ಲೊ' ಎಂಬ ಕ್ವಾಂಟಮ್ ಚಿಪ್ಪನ್ನು ಲೋಕಕ್ಕೆ ಪರಿಚಯಿಸಿತು. 105 ಕ್ವಿಬಿಟ್‌ಗಳಿರುವ (ಕ್ವಿಬಿಟ್ ಎಂದರೆ ಕ್ವಾಂಟಮ್ ಲೆಕ್ಕದ ಮೂಲ ಘಟಕ) ಈ ಚಿಪ್ ಒಂದು ಪರೀಕ್ಷಾ ಲೆಕ್ಕವನ್ನು ಐದು ನಿಮಿಷದೊಳಗೆ ಮುಗಿಸಿತೆಂದೂ, ಅದೇ ಲೆಕ್ಕಕ್ಕೆ ಆಗಿನ ಅತಿವೇಗದ ಸೂಪರ್‌ಕಂಪ್ಯೂಟರಿಗೆ 1ರ ಮುಂದೆ 25 ಸೊನ್ನೆ ಇಟ್ಟಷ್ಟು ವರ್ಷ ಬೇಕಾಗುತ್ತದೆಂದೂ ಸಂಸ್ಥೆ ಹೇಳಿಕೊಂಡಿತು. ಮಾತು ಅಷ್ಟಕ್ಕೇ ನಿಂತಿದ್ದರೆ ಇದು ಎಂಜಿನಿಯರುಗಳ ಸುದ್ದಿಯಾಗಿಯೇ ಉಳಿಯುತ್ತಿತ್ತು. ಆದರೆ ಆ ತಂಡದ ಮುಖ್ಯಸ್ಥರಾದ ಹಾರ್ಟ್‌ಮುಟ್ ನೆವೆನ್, ಕ್ವಾಂಟಮ್ ಲೆಕ್ಕ ಅನೇಕ ಸಮಾನಾಂತರ ವಿಶ್ವಗಳಲ್ಲಿ ನಡೆಯುತ್ತದೆ ಎಂಬ ವಿಚಾರಕ್ಕೆ ಈ ಫಲಿತಾಂಶದಿಂದ ಬಲ ಬರುತ್ತದೆ ಎಂದು ಬರೆದರು; ಆ ವಿಚಾರವನ್ನು ಮೊದಲು ಮುಂದಿಟ್ಟವರೆಂದು ಭೌತವಿಜ್ಞಾನಿ ಡೇವಿಡ್ ಡಾಯ್ಚ್ ಅವರ ಹೆಸರನ್ನೂ ಹೇಳಿದರು.

ಬೆಂಗಳೂರಿನಲ್ಲಿ ಈ ಮಾತು ಕಚೇರಿಗಳಿಂದ ಮನೆಗಳಿಗೆ ಬರಲು ತಡವಾಗಲಿಲ್ಲ. ವಿಶ್ವಸಂಸ್ಥೆ 2025ನ್ನು ಕ್ವಾಂಟಮ್ ವಿಜ್ಞಾನ ಮತ್ತು ತಂತ್ರಜ್ಞಾನದ ಅಂತರರಾಷ್ಟ್ರೀಯ ವರ್ಷವೆಂದು ಘೋಷಿಸಿದ್ದೂ ಆ ಕುತೂಹಲಕ್ಕೆ ಸೇರಿಕೊಂಡಿತು. ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವ ಸಂದೇಶಗಳ ವಾದ ಇನ್ನೊಂದು: ನಾವು ದೇವರನ್ನು 'ಅಖಿಲಾಂಡಕೋಟಿ ಬ್ರಹ್ಮಾಂಡನಾಯಕ' ಎಂದು ಕರೆಯುತ್ತಲೇ ಬಂದಿದ್ದೇವೆ, ಆದ್ದರಿಂದ ವಿಜ್ಞಾನ ಈಗ ಹೇಳುತ್ತಿರುವುದು ಪುರಾಣದಲ್ಲಿ ಎಂದೋ ಇತ್ತು ಎಂಬುದು. ಎರಡಕ್ಕೂ ಯಾವ ಸಂಬಂಧವೂ ಇಲ್ಲವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವವರೂ ಇದ್ದಾರೆ. ಎರಡೂ ಅವಸರದ ತೀರ್ಮಾನಗಳು. ಬಹುಲೋಕದ ಕಲ್ಪನೆ ಗ್ರೀಸಿನಲ್ಲಿ, ಭಾರತದಲ್ಲಿ, ಇಸ್ಲಾಮೀ ನಾಡುಗಳಲ್ಲಿ, ಪ್ಯಾರಿಸಿನಲ್ಲಿ ಬೇರೆ ಬೇರೆ ಕಾಲಕ್ಕೆ ಮೂಡಿದೆ. ಕೆಲವು ಕಡೆ ಒಬ್ಬರಿಂದ ಒಬ್ಬರಿಗೆ ದಾಟಿ ಬಂದಿದೆ, ಕೆಲವು ಕಡೆ ತಾನಾಗಿ ಹುಟ್ಟಿದೆ. ಎರಡು ವಿಚಾರಗಳ ಚಿತ್ರ ಒಂದೇ ತೆರನಾಗಿದೆಯೇ ಎಂದು ನೋಡುವ ಮೊದಲು, ಆ ಚಿತ್ರ ಯಾವ ಪ್ರಶ್ನೆಗೆ ಉತ್ತರವಾಗಿ ಬಂತು ಎಂದು ಕೇಳಿಕೊಂಡರೆ ಈ ಗೋಜಲು ಬಹುಪಾಲು ಬಿಡಿಸಿಕೊಳ್ಳುತ್ತದೆ.

'ಬೇರೆ ಲೋಕ' ಎಂದರೆ ಯಾವುದು?

ಮೊದಲನೆಯದು, ದೂರದ ಲೋಕ. ನಾವಿರುವ ಆಕಾಶವೇ ಮುಂದೆ ಮುಂದೆ ಹರಡಿಕೊಂಡು, ಎಲ್ಲೋ ಬಹುದೂರದಲ್ಲಿ ಇನ್ನೊಂದು ಭೂಮಿ, ಇನ್ನೊಂದು ಸೂರ್ಯ ಇರುವುದು. ಇಲ್ಲಿ ಬೇರೆ ಲೋಕವೆಂದರೆ ಬೇರೆ ಜಾಗ. ಹೋಗುವಷ್ಟು ಶಕ್ತಿಯೂ ಆಯುಷ್ಯವೂ ಇದ್ದರೆ ಹೋಗಿ ತಲುಪಬಹುದು ಎಂದು ಕನಿಷ್ಠ ಊಹಿಸಲಾದರೂ ಸಾಧ್ಯ.

ಎರಡನೆಯದು, ಕವಲಿನ ಲೋಕ. ಒಂದು ಘಟನೆಗೆ ಎರಡು ಫಲಗಳು ಸಾಧ್ಯವಿದ್ದಾಗ ಎರಡೂ ನಡೆದು, ವಿಶ್ವದ ಕಥೆ ಎರಡಾಗಿ ಮುಂದುವರಿಯುವುದು. ನೆವೆನ್ ಅವರ ಮನಸ್ಸಿನಲ್ಲಿದ್ದದ್ದು ಇದು.

ಮೂರನೆಯದು ತರ್ಕಶಾಸ್ತ್ರದವರು ಹೇಳುವ ಸಂಭಾವ್ಯ ಲೋಕ. 'ನಿನ್ನೆ ಸಂಜೆ ಮಳೆ ಬಾರದೇ ಇದ್ದಿದ್ದರೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಅಷ್ಟು ಹೊತ್ತು ನಿಲ್ಲಬೇಕಾಗುತ್ತಿರಲಿಲ್ಲ' ಎಂದು ಯಾರಾದರೂ ಹೇಳಿದರೆ, ಆ ಮಾತು ನಿಜವೋ ಸುಳ್ಳೋ ಎಂದು ನಾವು ವಾದಿಸುತ್ತೇವೆ. ಮಳೆಯಿಲ್ಲದ 'ನಿನ್ನೆ' ಎಲ್ಲಿಯೂ ನಡೆದಿಲ್ಲ. ಆದರೂ ಆ ಮಾತಿಗೆ ಅರ್ಥವಿದೆ, ನಿಜ–ಸುಳ್ಳಿನ ಅಳತೆಯೂ ಇದೆ. ಹಾಗಾದರೆ ಆ ಮಾತನ್ನು ನಿಜಗೊಳಿಸುವುದು ಯಾವುದು? ಮಳೆಯೊಂದನ್ನು ಬಿಟ್ಟು ಉಳಿದೆಲ್ಲದರಲ್ಲೂ ನಮ್ಮ ಲೋಕಕ್ಕೆ ಆದಷ್ಟು ಹತ್ತಿರವಿರುವ ಲೋಕವೊಂದನ್ನು ಊಹಿಸಿ, ಅಲ್ಲಿ ವಾಹನಗಳು ಸಲೀಸಾಗಿ ಸಾಗುತ್ತಿದ್ದುವೇ ಎಂದು ನೋಡುವುದು ಒಂದು ಉತ್ತರ. ಅಮೆರಿಕದ ತತ್ತ್ವಜ್ಞಾನಿ ಡೇವಿಡ್ ಲೂಯಿಸ್ 1973ರಲ್ಲಿ ವಿಸ್ತರಿಸಿದ ಸಿದ್ಧಾಂತದ ತಿರುಳು ಇದೇ.

ಜಾಗದ ಪ್ರಶ್ನೆ, ಘಟನೆಯ ಪ್ರಶ್ನೆ, ಮಾತಿನ ಅರ್ಥದ ಪ್ರಶ್ನೆ ಎಂದು ಇವನ್ನು ಬೇರೆಯಾಗಿ ಇಟ್ಟುಕೊಳ್ಳಬೇಕು. ಒಂದನ್ನು ಇನ್ನೊಂದರ ಜಾಗದಲ್ಲಿ ಇಟ್ಟಾಗಲೇ ಹೆಚ್ಚಿನ ತಪ್ಪು ಹೋಲಿಕೆಗಳು ಹುಟ್ಟುವುದು.

ಕಣಗಳ ಲೆಕ್ಕದಿಂದ ಲೋಕಗಳ ಲೆಕ್ಕ

ದೂರದ ಲೋಕದ ವಾದವನ್ನು ಸ್ಪಷ್ಟವಾಗಿ ಕಟ್ಟಿದವರಲ್ಲಿ ಗ್ರೀಸಿನ ಅಣುವಾದಿಗಳು ಮೊದಲಿಗರು. ಡೆಮಾಕ್ರಿಟಸ್ ಕ್ರಿ.ಪೂ. 5ನೇ ಶತಮಾನದವನು, ಅವನ ದಾರಿಯಲ್ಲಿ ನಡೆದ ಎಪಿಕ್ಯೂರಸ್ ಕ್ರಿ.ಪೂ. 341ರಿಂದ 270ರವರೆಗೆ ಬದುಕಿದ್ದವನು. ಅಣುಗಳು ಅನಂತ, ಅವು ಚಲಿಸುವ ಬಯಲೂ ಅನಂತ, ಒಂದು ಲೋಕ ರೂಪುಗೊಂಡಿತೆಂದ ಮಾತ್ರಕ್ಕೆ ಅಣುಗಳು ಮುಗಿದುಹೋಗುವುದಿಲ್ಲ, ಆದ್ದರಿಂದ ಲೋಕಗಳೂ ಅನಂತವಾಗಿರಲೇಬೇಕು, ಅವುಗಳಲ್ಲಿ ಕೆಲವು ನಮ್ಮದರಂತೆ ಇದ್ದರೆ ಕೆಲವು ಬೇರೆಯಾಗಿರುತ್ತವೆ ಎಂಬುದು ಎಪಿಕ್ಯೂರಸ್‌ನ ತರ್ಕ. ಎಪಿಕ್ಯೂರಸ್‌ಗಿಂತ ಹಿಂದಿನವನಾದ ಅರಿಸ್ಟಾಟಲ್ ಅನೇಕ ಲೋಕಗಳ ವಿಚಾರವನ್ನು ಒಪ್ಪಿರಲಿಲ್ಲ. ಮಣ್ಣು ಕೆಳಗೆ, ಬೆಂಕಿ ಮೇಲೆ ಎಂಬಂತೆ ಪ್ರತಿ ಧಾತುವಿಗೂ ಸಹಜವಾದ ಒಂದೇ ನೆಲೆಯಿದೆ. ಎರಡು ಲೋಕಗಳಿದ್ದರೆ ಅಲ್ಲಿನ ಮಣ್ಣು ಯಾವ ಕೇಂದ್ರದ ಕಡೆಗೆ ಬೀಳಬೇಕು ಎಂಬುದು ಅವನ ಆಕ್ಷೇಪ.

ಯುರೋಪಿನಲ್ಲಿ ಅರಿಸ್ಟಾಟಲ್‌ನ ಮಾತು ಬಹುಕಾಲ ನಡೆಯಿತು. ಅದರ ಹಿಡಿತ ಸಡಿಲವಾದದ್ದು ಒಂದು ಧಾರ್ಮಿಕ ಕಾರಣದಿಂದ. 1277ರಲ್ಲಿ ಪ್ಯಾರಿಸಿನ ಬಿಷಪ್ ಎತಿಯೆನ್ ತಾಂಪಿಯೆ 219 ಹೇಳಿಕೆಗಳನ್ನು ನಿಷೇಧಿಸಿದ. ಆದಿಕಾರಣನಾದ ದೇವರು ಅನೇಕ ಲೋಕಗಳನ್ನು ಸೃಷ್ಟಿಸಲಾರ ಎಂಬುದೂ ಅವುಗಳಲ್ಲಿ ಒಂದು. ದೇವರು ಸೃಷ್ಟಿಸಿದ್ದಾನೆ ಎಂದು ಇದರ ಅರ್ಥವಲ್ಲ, ಸೃಷ್ಟಿಸಲಾರ ಎಂದು ಹೇಳಕೂಡದು ಎಂದಷ್ಟೇ. ಅದಕ್ಕೂ ಮೊದಲೇ, 1209ರಲ್ಲಿ ತೀರಿಕೊಂಡ ಇಸ್ಲಾಮೀ ಪಂಡಿತ ಫಖ್ರುದ್ದೀನ್ ರಾಜಿ ಇದೇ ನೆಲೆಯಿಂದ ಹೊರಟು, ಈ ಲೋಕದಾಚೆ ಸಾವಿರ ಸಾವಿರ ಲೋಕಗಳನ್ನು ಸೃಷ್ಟಿಸಲು ದೇವರು ಶಕ್ತನೆಂದು ವಾದಿಸಿ, ಒಂದೇ ಲೋಕವೆಂಬ ಗ್ರೀಕ್ ತತ್ತ್ವಜ್ಞರ ಪ್ರಮಾಣಗಳು ದುರ್ಬಲವೆಂದು ತೋರಿಸಲು ಯತ್ನಿಸಿದ್ದ. ಇಬ್ಬರಿಗೂ ಎದುರಾದದ್ದು ಒಂದೇ ಸಮಸ್ಯೆ: ಸರ್ವಶಕ್ತನಾದ ದೇವರಿಗೆ ಅರಿಸ್ಟಾಟಲ್‌ನ ಭೌತಶಾಸ್ತ್ರ ಮಿತಿ ಹಾಕಬಹುದೇ?

ಅಣುವಾದಿಗಳ ವಾದಕ್ಕೆ ಮಾತ್ರ ಬೇರೆಯದೇ ಪ್ರಯಾಣವಿದೆ. ಅದನ್ನು ಲ್ಯಾಟಿನ್ ಕಾವ್ಯದಲ್ಲಿ ಹಾಡಿದ ಲುಕ್ರೀಷಿಯಸ್‌ನ ಕೃತಿ ಶತಮಾನಗಳ ಕಾಲ ಹೆಚ್ಚು ಕಡಿಮೆ ಮರೆತುಹೋಗಿ, 1417ರಲ್ಲಿ ಪೊಜ್ಜೊ ಬ್ರಾಚೊಲಿನಿ ಎಂಬ ಹಸ್ತಪ್ರತಿ ಶೋಧಕನ ಕೈಗೆ ಮತ್ತೆ ಸಿಕ್ಕಿತು. ಅದನ್ನು ಓದಿಕೊಂಡಿದ್ದ ಇಟಲಿಯ ಚಿಂತಕ ಜಿಯೋರ್ಡಾನೊ ಬ್ರೂನೊ 1584ರಲ್ಲಿ ಅನಂತ ವಿಶ್ವ, ಅನಂತ ಲೋಕಗಳ ಬಗ್ಗೆ ಬರೆದ. 1600ರ ಫೆಬ್ರುವರಿ 17ರಂದು ರೋಮಿನಲ್ಲಿ ಅವನನ್ನು ಸುಡಲಾಯಿತು. ಅವನ ಮೇಲಿನ ಆರೋಪಗಳಲ್ಲಿ ಲೋಕಗಳ ವಿಚಾರ ಒಂದಾಗಿತ್ತು, ಅದೊಂದೇ ಆಗಿರಲಿಲ್ಲ. ಎಪಿಕ್ಯೂರಸ್‌ನಿಂದ ಬ್ರೂನೊವರೆಗಿನ ಈ ಹೋಲಿಕೆ ಆಕಸ್ಮಿಕವಲ್ಲ. ಪುಸ್ತಕವೊಂದು ಕೈಯಿಂದ ಕೈಗೆ ದಾಟಿದ ದಾರಿಯನ್ನು ಇಲ್ಲಿ ತೋರಿಸಬಹುದು.

ಇದೇ ತರ್ಕವನ್ನು ಕೊನೆಯವರೆಗೂ ಎಳೆದವನು ಫ್ರಾನ್ಸಿನ ಕ್ರಾಂತಿಕಾರಿ ಲೂಯಿ ಓಗ್ಯೂಸ್ತ್ ಬ್ಲಾಂಕಿ. 1871ರಲ್ಲಿ ಬ್ರಿಟನಿಯ ಕರಾವಳಿಯ ತೊರೊ ಕೋಟೆಯ ಸೆರೆಯಲ್ಲಿದ್ದಾಗ ಬರೆದು ಮರುವರ್ಷ ಪ್ರಕಟಿಸಿದ ಕಿರುಹೊತ್ತಗೆಯಲ್ಲಿ ಅವನು ಹೇಳಿದ್ದಿಷ್ಟು. ಮೂಲಧಾತುಗಳ ಸಂಖ್ಯೆಗೆ ಮಿತಿಯಿದೆ, ಅವುಗಳ ಜೋಡಣೆಗಳಿಗೂ ಮಿತಿಯಿದೆ, ಆದರೆ ಜಾಗಕ್ಕೂ ಕಾಲಕ್ಕೂ ಮಿತಿಯಿಲ್ಲ. ಆದ್ದರಿಂದ ಜೋಡಣೆಗಳು ಮರುಕಳಿಸಲೇಬೇಕು. ಈ ಸೆರೆಯಲ್ಲಿ ಈ ಮೇಜಿನ ಮುಂದೆ ಕೂತು ತಾನು ಬರೆಯುತ್ತಿರುವುದನ್ನೇ ಇನ್ನೊಂದು ಭೂಮಿಯ ಇನ್ನೊಂದು ಸೆರೆಯಲ್ಲಿ ಇನ್ನೊಬ್ಬ ಬ್ಲಾಂಕಿ ಬರೆಯುತ್ತಿದ್ದಾನೆ. ಇನ್ನು ಕೆಲವು ಭೂಮಿಗಳಲ್ಲಿ ಸೋತವರು ಗೆದ್ದಿದ್ದಾರೆ. ಸೋತ ಕ್ರಾಂತಿಕಾರಿಯೊಬ್ಬನಿಗೆ ಈ ಲೆಕ್ಕ ಏನಾಗಿ ಕಂಡಿರಬಹುದೆಂದು ಯೋಚಿಸಿದರೆ ಮನಸ್ಸು ಕಲಕುತ್ತದೆ. ಇಂದಿನ ವಿಶ್ವವಿಜ್ಞಾನಿ ಮ್ಯಾಕ್ಸ್ ಟೆಗ್‌ಮಾರ್ಕ್ 2003ರಲ್ಲಿ ಬಹುವಿಶ್ವಗಳನ್ನು ನಾಲ್ಕು ಹಂತಗಳಾಗಿ ವಿಂಗಡಿಸಿದಾಗ, ಮೊದಲ ಹಂತದ ಬೆನ್ನೆಲುಬಾಗಿ ಇದೇ ವಾದವನ್ನು ಹೊಸ ಭೌತಶಾಸ್ತ್ರದ ಅಂಕಿಗಳೊಂದಿಗೆ ಇಟ್ಟರು.

ಲೀಲೆಯ ಕೋಣೆ, ಸೆಕ್ಸ್‌ಟಸ್‌ನ ಮಹಲು

ಎರಡು ಕಥೆಗಳನ್ನು ಹತ್ತಿರದಿಂದ ನೋಡುವುದು ಇಲ್ಲಿ ಅಗತ್ಯ, ಏಕೆಂದರೆ ಮೇಲ್ನೋಟಕ್ಕೆ ಇವು ಅವಳಿಗಳಂತೆ ಕಾಣುತ್ತವೆ.

ಮೊದಲನೆಯದು ಬಸವನಗುಡಿಯಲ್ಲೋ ಮಲ್ಲೇಶ್ವರದಲ್ಲೋ ಉಪನ್ಯಾಸಗಳಿಗೆ ಹೋಗುವವರಿಗೆ ಪರಿಚಿತವಾದ ಯೋಗವಾಸಿಷ್ಠದ ಲೀಲೋಪಾಖ್ಯಾನ. ಪದ್ಮನೆಂಬ ರಾಜನ ರಾಣಿ ಲೀಲೆ, ಗಂಡ ತೀರಿಕೊಂಡರೂ ಅವನ ಜೀವ ತಮ್ಮ ಅಂತಃಪುರವನ್ನು ಬಿಟ್ಟು ಹೋಗದಿರಲಿ ಎಂದು ಸರಸ್ವತಿಯಿಂದ ವರ ಪಡೆಯುತ್ತಾಳೆ. ರಾಜ ಸಾಯುತ್ತಾನೆ, ಶರೀರವನ್ನು ಹೂವಿನಲ್ಲಿ ಮುಚ್ಚಿಡುತ್ತಾರೆ. ದೇವಿಯ ಕೃಪೆಯಿಂದ ಲೀಲೆ ಆ ಕೋಣೆಯ ಆಕಾಶದೊಳಗೇ ಇನ್ನೊಂದು ರಾಜ್ಯವನ್ನು ಕಾಣುತ್ತಾಳೆ. ಅಲ್ಲಿ ಅವಳ ಗಂಡ ವಿದೂರಥನೆಂಬ ರಾಜ. ಇಲ್ಲಿ ಅವನು ಸತ್ತು ಒಂದು ದಿನವಷ್ಟೇ ಆಗಿದೆ, ಅಲ್ಲಿ ಅವನಿಗೆ ಎಪ್ಪತ್ತು ವರ್ಷ. ಅಷ್ಟೇ ಅಲ್ಲ, ಪದ್ಮನ ರಾಜ್ಯವೇ ವಸಿಷ್ಠನೆಂಬ ಒಬ್ಬ ಬಡ ಬ್ರಾಹ್ಮಣನ ಮನೆಯ ಆಕಾಶದೊಳಗೆ ಅರಳಿದ್ದೆಂದೂ, ಮೆರವಣಿಗೆಯಲ್ಲಿ ಸಾಗುವ ರಾಜನನ್ನು ಕಂಡು ಆಸೆಪಟ್ಟು ಆ ಬ್ರಾಹ್ಮಣ ತೀರಿಕೊಂಡು ಎಂಟು ದಿನವಾಗಿದೆಯೆಂದೂ ಸರಸ್ವತಿ ಹೇಳುತ್ತಾಳೆ. ಇಷ್ಟು ಚಿಕ್ಕ ಮನೆಯಲ್ಲಿ ಅಷ್ಟು ದೊಡ್ಡ ರಾಜ್ಯ ಹಿಡಿಸುವುದು ಹೇಗೆ ಎಂದು ಲೀಲೆ ಕೇಳುವ ಪ್ರಶ್ನೆ ಓದುಗರದೂ ಹೌದು. ವಿದೂರಥನ ಅರಮನೆಯಲ್ಲಿ ಅವಳಿಗೆ ಕಾಣಸಿಗುವುದು ಅವಳದೇ ರೂಪದ ಇನ್ನೊಬ್ಬ ಲೀಲೆ. ಕೊನೆಗೆ ಪದ್ಮ ಎಚ್ಚೆತ್ತಾಗ ಅವನ ಮುಂದೆ ಇಬ್ಬರು ಲೀಲೆಯರು ನಿಂತಿರುತ್ತಾರೆ.

ಎರಡನೆಯದು ಜರ್ಮನ್ ತತ್ತ್ವಜ್ಞಾನಿ ಲೈಬ್ನಿಟ್ಸ್ 1710ರಲ್ಲಿ ಪ್ರಕಟಿಸಿದ, ದೇವರ ನ್ಯಾಯವನ್ನು ಕುರಿತ ಗ್ರಂಥದ ಕೊನೆಯಲ್ಲಿ ಬರುವ ಕಥೆ. ಥಿಯೊಡೋರಸ್ ಎಂಬ ಅರ್ಚಕನಿಗೆ ಅಥೆನ್ಸಿನ ದೇವಿ ಕನಸಿನಲ್ಲಿ ಪಿರಮಿಡ್ಡಿನ ಆಕಾರದ ಒಂದು ಮಹಲನ್ನು ತೋರಿಸುತ್ತಾಳೆ. ಅದರ ಒಂದೊಂದು ಕೋಣೆಯೂ ಒಂದೊಂದು ಲೋಕ. ಒಂದರಲ್ಲಿ ಸೆಕ್ಸ್‌ಟಸ್ ಎಂಬ ರೋಮನ್ ರಾಜಕುಮಾರ ದೇವರ ಮಾತು ಕೇಳಿ ಕಾರಿಂಥನ್ನು ಹೋಲುವ ಪಟ್ಟಣಕ್ಕೆ ಹೋಗಿ ಸಣ್ಣ ತೋಟ ಕೊಳ್ಳುತ್ತಾನೆ, ಅದರಲ್ಲಿ ನಿಧಿ ಸಿಕ್ಕಿ ಗೌರವಸ್ಥನಾಗಿ ಬಾಳುತ್ತಾನೆ. ಇನ್ನೊಂದರಲ್ಲಿ ಥ್ರೇಸಿಗೆ ಹೋಗಿ ರಾಜಕುಮಾರಿಯನ್ನು ಮದುವೆಯಾಗುತ್ತಾನೆ. ಪ್ರತಿ ಸೆಕ್ಸ್‌ಟಸ್‌ನ ಹಣೆಯ ಮೇಲೂ ಒಂದು ಸಂಖ್ಯೆಯಿದೆ; ಕೋಣೆಯಲ್ಲಿರುವ ವಿಧಿಯ ಪುಸ್ತಕದಲ್ಲಿ ಆ ಸಂಖ್ಯೆಯ ಪುಟ ತೆರೆದು ಸಾಲಿನ ಮೇಲೆ ಬೆರಳಿಟ್ಟರೆ ಆ ಬದುಕಿನ ಆ ಗಳಿಗೆ ಕಣ್ಣ ಮುಂದೆ ಬರುತ್ತದೆ. ಪಿರಮಿಡ್ಡಿಗೆ ತುದಿಯಿದೆ, ಬುಡವಿಲ್ಲ. ತುದಿಯ ಕೋಣೆಯೇ ನಮ್ಮ ಲೋಕ. ಅಲ್ಲಿ ಸೆಕ್ಸ್‌ಟಸ್ ರೋಮಿಗೆ ಮರಳಿ ಘೋರ ಅಪರಾಧವೆಸಗುತ್ತಾನೆ, ಅದರಿಂದ ಅರಸೊತ್ತಿಗೆ ಉರುಳಿ ರೋಮ್ ಗಣರಾಜ್ಯವಾಗುತ್ತದೆ.

ಕೋಣೆಯೊಳಗೆ ಲೋಕ, ಒಬ್ಬನೇ ವ್ಯಕ್ತಿಯ ಹಲವು ಬದುಕು, ದಾರಿ ತೋರುವ ದೇವಿ: ಚಿತ್ರಗಳು ಇಷ್ಟು ಹತ್ತಿರವಿದ್ದರೂ ಪ್ರಶ್ನೆಗಳು ಬೇರೆ. ಲೈಬ್ನಿಟ್ಸ್ ಕೇಳುತ್ತಿರುವುದು, ಒಳ್ಳೆಯವನೂ ಸರ್ವಶಕ್ತನೂ ಆದ ದೇವರು ಕೆಡುಕಿರುವ ಈ ಲೋಕವನ್ನೇ ಏಕೆ ಆರಿಸಿದ ಎಂದು. ಉಳಿದ ಕೋಣೆಗಳು ಅವನಿಗೆ ದೇವರ ಬುದ್ಧಿಯಲ್ಲಿರುವ ಸಾಧ್ಯತೆಗಳು ಮಾತ್ರ. ನಿಜವಾಗಿ ಇರುವುದು ತುದಿಯ ಕೋಣೆಯೊಂದೇ. ಯೋಗವಾಸಿಷ್ಠದಲ್ಲಿ ಆರಿಸುವವನೇ ಇಲ್ಲ. ಲೋಕಗಳು ಚಿತ್ತದ ವಾಸನೆಯಿಂದ, ಎಂದರೆ ಮನಸ್ಸಿನಲ್ಲಿ ಉಳಿದ ಸಂಸ್ಕಾರದಿಂದ ಮೂಡುತ್ತವೆ, ಬ್ರಾಹ್ಮಣನ ಮನೆ, ಪದ್ಮನ ರಾಜ್ಯ, ವಿದೂರಥನ ರಾಜ್ಯ ಮೂರೂ ಒಂದೇ ಮಟ್ಟದಲ್ಲಿ ನಿಜ, ಒಂದೇ ಮಟ್ಟದಲ್ಲಿ ಮಿಥ್ಯೆ. ಅಲ್ಲಿನ ಪ್ರಶ್ನೆ, ಕಾಣುವ ಲೋಕಕ್ಕೆ ಮನಸ್ಸಿನ ಹೊರಗೆ ನೆಲೆಯಿದೆಯೇ ಎಂಬುದು. ಮೊದಲು ಹೇಳಿದ ಮೂರು ಬಗೆಗಳಲ್ಲಿ ಯಾವುದಕ್ಕೂ ಇದು ಪೂರ್ತಿ ಹೊಂದುವುದಿಲ್ಲ. ಇದನ್ನು ಚಿತ್ತದ ಲೋಕವೆಂದು ಪ್ರತ್ಯೇಕವಾಗಿ ಇಟ್ಟುಕೊಳ್ಳುವುದೇ ಸರಿ.

ಲೈಬ್ನಿಟ್ಸ್‌ಗೆ ನಿಜವಾದ ಜೊತೆಗಾರ ಬೇಕಿದ್ದರೆ ಹುಡುಕಬೇಕಾದದ್ದು 1111ರಲ್ಲಿ ತೀರಿಕೊಂಡ ಅಲ್ ಘಜಾಲಿಯಲ್ಲಿ. ಆಗಿರುವುದಕ್ಕಿಂತ ಅದ್ಭುತವಾದದ್ದು ಸಾಧ್ಯತೆಯಲ್ಲೇ ಇಲ್ಲ ಎಂಬ ಅವನ ಮಾತು ಇಸ್ಲಾಮೀ ವಿದ್ವಾಂಸರ ನಡುವೆ ಶತಮಾನಗಳ ಕಾಲ ಜಗಳಕ್ಕೆ ಕಾರಣವಾಯಿತು. ಇದಕ್ಕಿಂತ ಉತ್ತಮ ಲೋಕ ಸಾಧ್ಯವಿಲ್ಲವೆಂದರೆ ದೇವರ ಶಕ್ತಿಗೆ ಮಿತಿ ಬಂದಂತಾಯಿತು, ಸಾಧ್ಯವಿದ್ದೂ ಮಾಡಲಿಲ್ಲವೆಂದರೆ ದೇವರ ಕರುಣೆಗೆ ಕುಂದು ಬಂತು. ಈ ಇಕ್ಕಟ್ಟಿನಲ್ಲಿ ಸಿಕ್ಕವರು ಅರಬ್ಬಿಯಲ್ಲಿ ಬರೆಯಲಿ, ಫ್ರೆಂಚಿನಲ್ಲಿ ಬರೆಯಲಿ, ಹೆಚ್ಚುಕಡಿಮೆ ಒಂದೇ ಬಾಗಿಲಿನಿಂದ ಹೊರಬರಬೇಕು. ಕಥೆಯ ಚಿತ್ರ ಹೋಲದಿದ್ದರೂ ವಿಚಾರ ಹೋಲುವುದೆಂದರೆ ಇದು.

ಲೋಕಕ್ಕೊಬ್ಬ ಗುರು

ಬೇರೆ ಲೋಕಗಳಿದ್ದರೆ ಅಲ್ಲಿಯೂ ಚಿಂತಕರಿರಬೇಕಲ್ಲ, ಅವರು ಏನು ಬೋಧಿಸುತ್ತಾರೆ? ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡವರು ಭಾರತದ ಜೈನರು ಮತ್ತು ಬೌದ್ಧರು.

ಜೈನರ ಲೋಕವರ್ಣನೆಯಂತೆ ಮನುಷ್ಯರಿರುವ ಎರಡೂವರೆ ದ್ವೀಪಗಳಲ್ಲಿ ಐದು ಭರತ ಕ್ಷೇತ್ರ, ಐದು ಐರಾವತ ಕ್ಷೇತ್ರ, ಐದು ವಿದೇಹ ಕ್ಷೇತ್ರ, ಒಟ್ಟು ಹದಿನೈದು ಕರ್ಮಭೂಮಿಗಳಿವೆ. ಭರತ ಮತ್ತು ಐರಾವತಗಳಲ್ಲಿ ಕಾಲಚಕ್ರದ ಪ್ರತಿ ಅರ್ಧದಲ್ಲಿ ಇಪ್ಪತ್ನಾಲ್ಕು ತೀರ್ಥಂಕರರು ಬರುತ್ತಾರೆ. ವಿದೇಹದಲ್ಲಿ ತೀರ್ಥಂಕರರು ಇಲ್ಲದ ಕಾಲವೇ ಇಲ್ಲ, ಸೀಮಂಧರಸ್ವಾಮಿ ಈಗಲೂ ಅಲ್ಲಿ ಬೋಧಿಸುತ್ತಿದ್ದಾರೆಂಬುದು ನಂಬಿಕೆ. ಕ್ಷೇತ್ರ ಬೇರೆ, ಗುರುವಿನ ಹೆಸರು ಬೇರೆ, ಬೋಧೆ ಒಂದೇ. ಕನ್ನಡದ ಓದುಗರಿಗೆ ಇದು ದೂರದ ವಿಷಯವಲ್ಲ: 941ರ ಪಂಪನ ಆದಿಪುರಾಣದಲ್ಲಿ ಆದಿನಾಥನ ಹಿಂದಿನ ಭವಗಳ ಕಥೆ ವಿದೇಹ ಕ್ಷೇತ್ರದ ಅಳಕಾಪುರಿಯ ಮಹಾಬಳನಿಂದ ಹರಿದು, ಲಲಿತಾಂಗನ ಸ್ವರ್ಗವನ್ನು ದಾಟಿ, ವಜ್ರಜಂಘ–ಶ್ರೀಮತಿಯರ ಬದುಕಿಗೆ ಬಂದು ಮುಂದೆ ಸಾಗುತ್ತದೆ. ಜೀವವೊಂದು ಕ್ಷೇತ್ರದಿಂದ ಕ್ಷೇತ್ರಕ್ಕೆ ಸಾಗುವಾಗ ಗುರುತು ಉಳಿಯುವುದು ಹೆಸರಿನಿಂದಲೂ ಅಲ್ಲ, ರೂಪದಿಂದಲೂ ಅಲ್ಲ, ಕರ್ಮದ ಸರಪಣಿಯಿಂದ.

ಬೌದ್ಧರ ಪಾಲಿ ಸುತ್ತಗಳಲ್ಲಿ ಸಾವಿರ ಸೂರ್ಯರು, ಸಾವಿರ ಚಂದ್ರರು, ಸಾವಿರ ಸಿನೇರು (ಮೇರು) ಪರ್ವತಗಳುಳ್ಳ ಲೋಕಸಮೂಹದ ಮಾತು ಬರುತ್ತದೆ. ಅದನ್ನು ಸಾವಿರದಿಂದ ಮತ್ತೆ ಮತ್ತೆ ಗುಣಿಸಿದರೆ ನೂರು ಕೋಟಿ ಲೋಕಗಳ ಮಹಾಸಮೂಹವಾಗುತ್ತದೆ. ಒಂದು ಲೋಕವ್ಯವಸ್ಥೆಯಲ್ಲಿ ಒಂದು ಕಾಲಕ್ಕೆ ಒಬ್ಬನೇ ಬುದ್ಧ ಎಂಬುದು ಹಳೆಯ ನಿಯಮ. ಮಹಾಯಾನ ಅದನ್ನು ಮುರಿಯದೆ ಲೋಕಗಳನ್ನೇ ಹೆಚ್ಚಿಸಿತು: ಪೂರ್ವದ ಅಭಿರತಿಯಲ್ಲಿ ಅಕ್ಷೋಭ್ಯ, ಪಶ್ಚಿಮದ ಸುಖಾವತಿಯಲ್ಲಿ ಅಮಿತಾಭ.

ಈ ಎರಡೂ ಪರಂಪರೆಗಳಲ್ಲಿ ಸೃಷ್ಟಿಕರ್ತನಿಲ್ಲ ಎಂಬುದನ್ನು ಗಮನಿಸಬೇಕು. ಆದ್ದರಿಂದ ಯಾವ ಲೋಕ ಉತ್ತಮ, ಯಾವುದನ್ನು ಏಕೆ ಆರಿಸಲಾಯಿತು ಎಂಬ ಲೈಬ್ನಿಟ್ಸ್‌ನ ಪ್ರಶ್ನೆಗೆ ಇಲ್ಲಿ ಎಡೆಯೇ ಇಲ್ಲ. ಇಲ್ಲಿನ ಲೋಕಗಳು ಬೋಧೆ ಎಲ್ಲೆಲ್ಲಿ, ಯಾವಾಗ ದೊರಕುತ್ತದೆ ಎಂಬ ಪ್ರಶ್ನೆಗೆ ಉತ್ತರ.

ಎವೆರೆಟ್ ಹೇಳಿದ್ದೇನು?

ಎಲೆಕ್ಟ್ರಾನಿನಂಥ ಕಣಕ್ಕೆ 'ಸ್ಪಿನ್' ಎಂಬ ಗುಣವಿದೆ. ಅಳೆದಾಗ ಅದು ಮೇಲ್ಮುಖ ಇಲ್ಲವೇ ಕೆಳಮುಖ, ಎರಡರಲ್ಲೊಂದಾಗಿ ಸಿಗುತ್ತದೆ. ಅಳೆಯುವ ಮೊದಲಿನ ಸ್ಥಿತಿಯನ್ನು ವಿವರಿಸುವ ಶ್ರೋಡಿಂಗರ್ ಸಮೀಕರಣದಲ್ಲಾದರೋ ಎರಡೂ ಸೇರಿಕೊಂಡಿರುತ್ತವೆ. ಅಳತೆಯ ಗಳಿಗೆಯಲ್ಲಿ ಒಂದು ಉಳಿದು ಇನ್ನೊಂದು ಇಲ್ಲವಾಗುತ್ತದೆ ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಆದರೆ ಹಾಗೆ ಇಲ್ಲವಾಗುವುದನ್ನು ಸಮೀಕರಣ ಹೇಳುವುದಿಲ್ಲ. ಅದು ಹೊರಗಿನಿಂದ ಸೇರಿಸಿದ ನಿಯಮ.

1957ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಜಾನ್ ವೀಲರ್ ಅವರ ಮಾರ್ಗದರ್ಶನದಲ್ಲಿ ಪಿಎಚ್‌.ಡಿ. ಮುಗಿಸಿದ ಹ್ಯೂ ಎವೆರೆಟ್, ಆ ಹೆಚ್ಚಿನ ನಿಯಮವನ್ನು ತೆಗೆದುಬಿಟ್ಟರೆ ಏನಾಗುತ್ತದೆ ಎಂದು ಕೇಳಿದರು. ಅಳೆಯುವ ಉಪಕರಣವೂ ಕಣಗಳಿಂದಲೇ ಆದದ್ದು, ನೋಡುವ ಮನುಷ್ಯನೂ ಹಾಗೆಯೇ. ಅವೂ ಅದೇ ಸಮೀಕರಣವನ್ನು ಪಾಲಿಸಬೇಕು. ಆಗ ಸಿಗುವ ಉತ್ತರದಲ್ಲಿ 'ಮೇಲ್ಮುಖ ಕಂಡಿತು' ಎಂದು ಬರೆದುಕೊಂಡ ವೀಕ್ಷಕನೂ ಇದ್ದಾನೆ, 'ಕೆಳಮುಖ ಕಂಡಿತು' ಎಂದು ಬರೆದುಕೊಂಡ ವೀಕ್ಷಕನೂ ಇದ್ದಾನೆ. ಸುತ್ತಲಿನ ಅಸಂಖ್ಯ ಕಣಗಳೊಂದಿಗೆ ಬೆರೆತ ಮೇಲೆ ಈ ಎರಡು ಕಥೆಗಳು ಮತ್ತೆ ಒಂದನ್ನೊಂದು ಮುಟ್ಟುವುದು ಕಾರ್ಯತಃ ಅಸಾಧ್ಯವಾಗುತ್ತದೆ. ಆದ್ದರಿಂದಲೇ ನಮಗೆ ಇನ್ನೊಂದು ಕವಲಿನ ಸುಳಿವು ಸಿಗುವುದಿಲ್ಲ. 'ಬಹುಲೋಕ' ಎಂಬ ಹೆಸರು ಜನಪ್ರಿಯವಾದದ್ದು 1970ರಲ್ಲಿ ಭೌತವಿಜ್ಞಾನಿ ಬ್ರೈಸ್ ಡೆವಿಟ್ ಬರೆದ ಲೇಖನದ ನಂತರ. ಎವೆರೆಟ್ ಆ ವೇಳೆಗೆ ವಿಶ್ವವಿದ್ಯಾಲಯಗಳನ್ನು ಬಿಟ್ಟು ಅಮೆರಿಕದ ರಕ್ಷಣಾ ಇಲಾಖೆಯ ವಿಶ್ಲೇಷಣೆಯ ಕೆಲಸಕ್ಕೆ ಹೋಗಿ ಬಹಳ ವರ್ಷಗಳಾಗಿದ್ದವು.

ವಿಲ್ಲೊ ಚಿಪ್ ಇದಕ್ಕೆ ಸಾಕ್ಷಿಯೇ? ಅಳತೆಯಾದಾಗ ಒಂದೇ ಫಲ ಉಳಿಯುತ್ತದೆ ಎನ್ನುವವರೂ, ಎರಡೂ ಉಳಿಯುತ್ತವೆ ಎನ್ನುವವರೂ ಆ ಚಿಪ್ಪಿನ ಲೆಕ್ಕಕ್ಕೆ ಒಂದೇ ಉತ್ತರವನ್ನು ನಿರೀಕ್ಷಿಸುತ್ತಾರೆ. ಎರಡು ವ್ಯಾಖ್ಯಾನಗಳೂ ಒಂದೇ ಅಂಕಿಯನ್ನು ಕೊಡುವಾಗ ಆ ಅಂಕಿ ಬಂತೆಂಬ ಕಾರಣಕ್ಕೆ ಒಂದನ್ನು ಗೆಲ್ಲಿಸಲಾಗದು. ಎಲ್ಲ ಫಲಗಳೂ ನಡೆಯುವುದಾದರೆ ಒಂದಕ್ಕೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಸಂಭವನೀಯತೆ ಎನ್ನುವುದಕ್ಕೆ ಏನರ್ಥ ಎಂಬ ಆಕ್ಷೇಪವೂ ಎವೆರೆಟ್ ವ್ಯಾಖ್ಯಾನದ ಮೇಲೆ ಇಂದಿಗೂ ಇದೆ.

ಇನ್ನು ಪುರಾಣದ ಮಾತು. ಭಾಗವತದ ಹತ್ತನೆಯ ಸ್ಕಂಧದಲ್ಲಿ ಬ್ರಹ್ಮ ಕೃಷ್ಣನನ್ನು ಸ್ತುತಿಸುತ್ತಾ, ನಿನ್ನ ರೋಮಕೂಪಗಳಲ್ಲಿ ಎಣಿಕೆಗೆ ಸಿಗದ ಬ್ರಹ್ಮಾಂಡಗಳು ಪರಮಾಣುಗಳಂತೆ ಸುಳಿದಾಡುತ್ತವೆ, ಏಳು ಗೇಣಿನ ದೇಹದ ನಾನೆಲ್ಲಿ, ನೀನೆಲ್ಲಿ ಎನ್ನುತ್ತಾನೆ. ಅದು ಭಕ್ತನ ವಿನಯದ ಮಾತು. ಭಗವಂತನ ಹಿರಿಮೆಗೆ ಅಳತೆಯಿಲ್ಲ ಎಂದು ಹೇಳಲು ಬಂದ ಚಿತ್ರ. ಅಳತೆಯ ಗಳಿಗೆಯಲ್ಲಿ ಸಮೀಕರಣಕ್ಕೆ ಏನಾಗುತ್ತದೆ ಎಂಬುದು ಅದರ ಪ್ರಶ್ನೆಯಲ್ಲ. ಆ ಶ್ಲೋಕವನ್ನು ಎವೆರೆಟ್‌ನ ಮುನ್ಸೂಚನೆಯೆಂದು ಓದಿದರೆ ಭೌತಶಾಸ್ತ್ರಕ್ಕಿಂತ ಹೆಚ್ಚಿನ ಅನ್ಯಾಯ ಆ ಶ್ಲೋಕಕ್ಕೇ ಆಗುತ್ತದೆ.

ಅಲ್ಲಿರುವವನು ಇವನೇ ಹೌದೇ?

ಬೇರೆ ಲೋಕದ ಚಿಂತಕನನ್ನು ನಮ್ಮ ಲೋಕದ ಚಿಂತಕನೊಂದಿಗೆ ಗುರುತಿಸುವುದು ಹೇಗೆ ಎಂಬುದು ಕಠಿಣವಾದ ಪ್ರಶ್ನೆ. ಸಂಭಾವ್ಯ ಲೋಕಗಳನ್ನು ಆಧುನಿಕ ತರ್ಕಶಾಸ್ತ್ರದ ಮುಖ್ಯ ಸಾಧನವಾಗಿಸಿದವರಲ್ಲಿ ಸಾಲ್ ಕ್ರಿಪ್ಕೆ ಪ್ರಮುಖರು; 1959ರಲ್ಲಿ ಆ ಬಗ್ಗೆ ಅವರ ಮೊದಲ ಪ್ರಬಂಧ ಬಂದಾಗ ಅವರಿಗಿನ್ನೂ ಹತ್ತೊಂಬತ್ತರ ಆಸುಪಾಸು. ಸಂಭಾವ್ಯ ಲೋಕಗಳನ್ನು ದೂರದರ್ಶಕ ಹಿಡಿದು ಕಂಡುಹಿಡಿಯುವುದಿಲ್ಲ, ನಾವೇ ಗೊತ್ತುಪಡಿಸಿಕೊಳ್ಳುತ್ತೇವೆ ಎಂಬುದು 1970ರ ಉಪನ್ಯಾಸಗಳಲ್ಲಿ ಅವರು ಒತ್ತಿ ಹೇಳಿದ ಮಾತು. ಅರಿಸ್ಟಾಟಲ್ ತತ್ತ್ವಶಾಸ್ತ್ರದ ಕಡೆ ತಲೆಹಾಕದ ಲೋಕವನ್ನು ಊಹಿಸಿದರೂ ನಾವು ಮಾತಾಡುತ್ತಿರುವುದು ಅದೇ ಅರಿಸ್ಟಾಟಲ್ ಬಗ್ಗೆ. ಹೆಸರು ವ್ಯಕ್ತಿಗೆ ಅಂಟಿದೆ, ಅವನ ಸಾಧನೆಗಲ್ಲ. ಅವನು ಹುಟ್ಟಿದ ತಂದೆತಾಯಿಯನ್ನು ಮಾತ್ರ ಬದಲಿಸಲಾಗದು.

ಲೂಯಿಸ್ ಬೇರೆ ದಾರಿ ಹಿಡಿದರು. ಎಲ್ಲ ಸಂಭಾವ್ಯ ಲೋಕಗಳೂ ನಮ್ಮದರಷ್ಟೇ ನಿಜ ಎಂಬ ತಮ್ಮ ವಾದವನ್ನು 1986ರ ಗ್ರಂಥದಲ್ಲಿ ಅವರು ಪೂರ್ಣವಾಗಿ ಸಮರ್ಥಿಸಿಕೊಂಡರು. ಹಾಗಾದರೆ ನಮ್ಮ ಲೋಕವನ್ನಷ್ಟೇ ವಾಸ್ತವ ಎನ್ನುವುದೇಕೆ? ಜಯನಗರದಲ್ಲಿ ನಿಂತವರು 'ಇಲ್ಲಿ' ಎಂದರೆ ಜಯನಗರ, ಯಲಹಂಕದಲ್ಲಿ ನಿಂತವರು 'ಇಲ್ಲಿ' ಎಂದರೆ ಯಲಹಂಕ. ಹಾಗೆಯೇ ಪ್ರತಿ ಲೋಕದವರೂ ತಮ್ಮ ಲೋಕವನ್ನು ವಾಸ್ತವವೆನ್ನುತ್ತಾರೆ, ಪ್ರತಿಯೊಬ್ಬರ ಮಾತೂ ಅವರವರ ಜಾಗದಲ್ಲಿ ಸರಿ. ಆದರೆ ಒಬ್ಬ ವ್ಯಕ್ತಿ ಎರಡು ಲೋಕಗಳಲ್ಲಿ ಇರಲಾರ. ಅಲ್ಲಿರುವವನು ಇವನ ಪ್ರತಿರೂಪ ಮಾತ್ರ, ಎಷ್ಟು ಹೋಲಿಕೆಯಿದ್ದರೆ ಪ್ರತಿರೂಪ ಎಂಬುದು ನಾವು ಯಾವ ಸಂದರ್ಭದಲ್ಲಿ ಮಾತಾಡುತ್ತಿದ್ದೇವೆ ಎಂಬುದನ್ನು ಅವಲಂಬಿಸಿದೆ ಎಂದು ಅವರು 1968ರಲ್ಲೇ ಬರೆದಿದ್ದರು. ಇದು ಲೈಬ್ನಿಟ್ಸ್‌ನ ಮಹಲಿನ ದೇವಿ ಹೇಳುವ ಮಾತಿಗೆ ಅತ್ಯಂತ ಹತ್ತಿರದ್ದು: ಬೇರೆ ಕೋಣೆಗಳಲ್ಲಿ ನೀನು ಕಾಣುವವನು ಇದೇ ಸೆಕ್ಸ್‌ಟಸ್ ಅಲ್ಲ, ಅದು ಸಾಧ್ಯವಿಲ್ಲ, ಅವನನ್ನು ಹೋಲುವ ಸೆಕ್ಸ್‌ಟಸ್‌ಗಳು ಎಂದು ಆಕೆ ಥಿಯೊಡೋರಸ್‌ಗೆ ಮೊದಲೇ ಎಚ್ಚರಿಸುತ್ತಾಳೆ.

ಇಲ್ಲಿಂದ ವಿಚಾರಗಳ ಬೆನ್ನುಹತ್ತುವವರಿಗೆ ಒಂದು ಪಾಠ ಸಿಗುತ್ತದೆ. ವ್ಯಕ್ತಿಗೆ ತಂದೆತಾಯಿ ಬೇಕು, ಹುಟ್ಟಿದೂರು ಬೇಕು. ವಿಚಾರಕ್ಕೆ ಅವು ಬೇಕಿಲ್ಲ. ಡಾರ್ವಿನ್ ಹುಟ್ಟದ ಲೋಕದಲ್ಲಿ ಡಾರ್ವಿನ್ ಇರಲಾರ, ಆದರೆ ನೈಸರ್ಗಿಕ ಆಯ್ಕೆಯ ತತ್ತ್ವ ಇರಬಲ್ಲದು. ನಮ್ಮ ಲೋಕದಲ್ಲೇ ಅದು ನಿಸರ್ಗವಿಜ್ಞಾನಿ ಆಲ್‌ಫ್ರೆಡ್ ವಾಲೇಸ್‌ಗೂ ಹೊಳೆದು, 1858ರ ಜುಲೈ 1ರಂದು ಲಂಡನ್ನಿನಲ್ಲಿ ಇಬ್ಬರ ಬರಹಗಳನ್ನೂ ಒಟ್ಟಿಗೆ ಓದಲಾಯಿತು. ಇಬ್ಬರೂ ಜನಸಂಖ್ಯೆಯ ಬಗ್ಗೆ ಮಾಲ್ಥಸ್ ಬರೆದದ್ದನ್ನು ಓದಿದ್ದರು ಎಂಬುದನ್ನು ಮರೆಯುವಂತಿಲ್ಲ. ಒಂದೇ ಬಾವಿಯ ನೀರು ಕುಡಿದವರು ಅವರು.

ಒಂದೇ ಭೂಮಿಯ ಮೇಲಿನ ಎರಡು ಲೋಕಗಳು

ಒಂದೇ ಬಾವಿಯ ನೀರು ಕುಡಿಯದವರನ್ನು ನೋಡಬೇಕಾದರೆ ಕೇರಳಕ್ಕೆ ಹೋಗಬೇಕು. ಗಣಿತಜ್ಞ ಸಂಗಮಗ್ರಾಮದ ಮಾಧವ 14–15ನೇ ಶತಮಾನದವನು. ವೃತ್ತದ ಪರಿಧಿಯನ್ನು ಲೆಕ್ಕ ಹಾಕಲು, ಒಂದರಿಂದ ಮೂರನೇ ಒಂದು ಕಳೆದು, ಐದನೇ ಒಂದು ಕೂಡಿಸಿ, ಏಳನೇ ಒಂದು ಕಳೆದು, ಹೀಗೆ ಕೊನೆಯಿಲ್ಲದೆ ಸಾಗುವ ಶ್ರೇಣಿಯನ್ನು ಅವನ ಪರಂಪರೆ ಕಂಡುಕೊಂಡಿತು. ಅದರ ಉಪಪತ್ತಿಯನ್ನು 16ನೇ ಶತಮಾನದಲ್ಲಿ ಜ್ಯೇಷ್ಠದೇವ ಮಲಯಾಳಂ ಭಾಷೆಯ ಯುಕ್ತಿಭಾಷೆಯಲ್ಲಿ ವಿವರಿಸಿದ. ಯುರೋಪಿನಲ್ಲಿ ಜೇಮ್ಸ್ ಗ್ರೆಗರಿ 1671ರಲ್ಲಿ ಇದೇ ಬಗೆಯ ಶ್ರೇಣಿಗೆ ಬಂದ. ಕೆಲವೇ ವರ್ಷಗಳಲ್ಲಿ ಲೈಬ್ನಿಟ್ಸ್ ಕೂಡ ಬಂದ. ಸಾಧ್ಯವಾದ ಲೋಕಗಳ ಮಹಲನ್ನು ಕಟ್ಟಿದ ಅದೇ ಲೈಬ್ನಿಟ್ಸ್.

ಕೇರಳದ ಮತ್ತು ಯುರೋಪಿನ ಈ ಗಣಿತಜ್ಞರು ಒಬ್ಬರಿಗೊಬ್ಬರು ಬೇರೆ ಲೋಕದವರೇ ಆಗಿದ್ದರು. ಶ್ರೇಣಿ ಒಂದೇ, ಅದಕ್ಕೆ ಕರೆತಂದ ಅಗತ್ಯ ಬೇರೆ. ಮಾಧವನಿಗೆ ಗ್ರಹಗಣಿತಕ್ಕಾಗಿ ಜ್ಯಾ (ಸೈನ್) ಮತ್ತು ಚಾಪಗಳ (ವೃತ್ತದ ಕಂಸಗಳ) ನಿಖರವಾದ ಬೆಲೆ ಬೇಕಿತ್ತು, ಆದ್ದರಿಂದ ಕೊನೆಯಿಲ್ಲದ ಶ್ರೇಣಿಯನ್ನು ನಡುವೆ ನಿಲ್ಲಿಸಿದಾಗ ಉಳಿಯುವ ತಪ್ಪನ್ನು ತಿದ್ದುವ ಪದಗಳನ್ನೂ ಆ ಪರಂಪರೆ ಕಂಡುಹಿಡಿಯಿತು. ಯುರೋಪಿನಲ್ಲಿ ಶ್ರೇಣಿಗಳು ಯಾವುದೇ ವಕ್ರರೇಖೆಗೂ ಅನ್ವಯಿಸುವ ಒಂದು ಸಾಮಾನ್ಯ ವಿಧಾನದ ಅಂಗವಾದವು. ಕೇರಳದಲ್ಲಿ ಅವು ವೃತ್ತದ ಸುತ್ತಲೇ ಬೆಳೆದವು. 16ನೇ ಶತಮಾನದಲ್ಲಿ ಕೊಚ್ಚಿಯಲ್ಲಿದ್ದ ಜೆಸ್ಯೂಟ್ ಪಾದ್ರಿಗಳ ಮೂಲಕ ಈ ಗಣಿತ ಯುರೋಪಿಗೆ ಹೋಗಿರಬಹುದೆಂದು ಕೆಲವು ಇತಿಹಾಸಕಾರರು ಸೂಚಿಸಿದ್ದಾರೆ. ಹಾಗೆ ಹೋಯಿತೆಂದು ನೇರವಾಗಿ ತೋರಿಸುವ ಪತ್ರವಾಗಲಿ, ಅನುವಾದವಾಗಲಿ, ಹಸ್ತಪ್ರತಿಯಾಗಲಿ ಇಲ್ಲಿಯವರೆಗೆ ಬೆಳಕಿಗೆ ಬಂದಿಲ್ಲ.